ಮೂಲದ ನ್ಯಾಯ, ಬಳಕೆಯ ನ್ಯಾಯ: ಕನ್ನಡದ ವಿದ್ಯುತ್ ಪದಾವಳಿಯ ಚರ್ಚೆಯನ್ನು ಕುರಿತು

1. ಪ್ರಸ್ತಾವನೆ

ಕನ್ನಡದ ಪಾರಿಭಾಷಿಕ ಪದಗಳನ್ನು ಕುರಿತ ಚರ್ಚೆಗಳಲ್ಲಿ ಮೊದಲು ಎದುರಾಗುವ ಪ್ರಶ್ನೆ ಪದದ ಮೂಲವನ್ನು ಕುರಿತದ್ದು. ಪದವು ಸಂಸ್ಕೃತದ್ದೇ, ಅಚ್ಚಗನ್ನಡದ್ದೇ, ಇಂಗ್ಲಿಷಿನದೇ ಎಂಬುದು ತೀರ್ಮಾನವಾದೊಡನೆ ಅದರ ಯೋಗ್ಯತೆಯೂ ತೀರ್ಮಾನವಾಯಿತೆಂದು ಭಾವಿಸಲಾಗುತ್ತದೆ. ವಿದ್ಯುತ್ತಿಗೆ ಸಂಬಂಧಿಸಿದ ಪದಗಳಲ್ಲಿ ಈ ಪ್ರವೃತ್ತಿ ವಿಶೇಷವಾಗಿ ಕಾಣುತ್ತದೆ. 'ವಿದ್ಯುತ್' ಎಂಬುದು ಅಖಿಲ ಭಾರತೀಯವಾದ ಪ್ರಾಚೀನ ಪದವಾದ್ದರಿಂದ ಅದೇ ಸರಿ ಎನ್ನುವವರು ಒಂದು ಕಡೆ. 'ಮಿಂಚು' ನಮ್ಮದೇ ಪದವಾಗಿರುವಾಗ ಎರವಲು ಏಕೆ ಎನ್ನುವವರು ಇನ್ನೊಂದು ಕಡೆ. ಜನ 'ಕರೆಂಟು' ಎನ್ನುತ್ತಿರುವಾಗ ಉಳಿದ ಚರ್ಚೆ ವ್ಯರ್ಥ ಎನ್ನುವವರು ಮತ್ತೊಂದು ಕಡೆ.

ಈ ಮೂರು ನಿಲುವುಗಳಲ್ಲಿಯೂ ಹುರುಳಿದೆ. ಆದರೆ ಮೂರೂ ತಮ್ಮ ವಾದವನ್ನು ಪದದ ಹುಟ್ಟಿನ ಮೇಲೆ ನಿಲ್ಲಿಸುತ್ತವೆಯೇ ಹೊರತು ಪದದ ನಡವಳಿಕೆಯ ಮೇಲೆ ಅಲ್ಲ ಎಂಬುದು ನಮ್ಮ ಆಕ್ಷೇಪ. ಒಂದು ಪದವು ಯಾವ ಪ್ರತ್ಯಯಗಳನ್ನು ಹೇಗೆ ಪಡೆಯುತ್ತದೆ, ಯಾವ ಕ್ರಿಯಾಪದಗಳ ಜೊತೆ ಸೇರುತ್ತದೆ, ಎಷ್ಟು ಹೊಸ ಪದಗಳನ್ನು ಹುಟ್ಟಿಸಬಲ್ಲದು, ತನ್ನ ನೆರೆಯ ಪದಗಳಿಂದ ಹೇಗೆ ಬೇರ್ಪಡುತ್ತದೆ ಎಂಬ ಪ್ರಶ್ನೆಗಳನ್ನು ಕೇಳಿದರೆ ಚಿತ್ರ ಬೇರೆಯೇ ಆಗುತ್ತದೆ. ಈ ಲೇಖನದಲ್ಲಿ ನಾವು ವಿದ್ಯುತ್ ಪದಾವಳಿಯ ಕೆಲವು ಮುಖ್ಯ ಪದಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ. ಇದು ಪದಪಟ್ಟಿಯ ಪ್ರಶ್ನೆ ಮಾತ್ರವಲ್ಲ. ಕನ್ನಡ ಮಾಧ್ಯಮದ ವಿದ್ಯಾರ್ಥಿಯ ತಿಳಿವಳಿಕೆ, ರೈತನಿಗೆ ತಲುಪಬೇಕಾದ ಎಚ್ಚರಿಕೆ, ಒಂದು ಸಾವನ್ನು ವರದಿ ಮಾಡುವ ರೀತಿ ಇವೆಲ್ಲವೂ ಈ ಪದಗಳ ಮೂಲಕವೇ ಹಾದುಹೋಗಬೇಕಾಗಿದೆ.

2. ತೃಣಮಣಿ ಮತ್ತು ಮಿಂಚು: ಎರಡು ನಾಮಕರಣ ಮಾರ್ಗಗಳು

ಮೊದಲಿಗೆ, ಮೂಲವನ್ನೇ ಪ್ರಮಾಣವಾಗಿ ಹಿಡಿದರೆ ಏನಾಗುತ್ತದೆಂಬುದನ್ನು ಇಂಗ್ಲಿಷಿನಲ್ಲಿಯೇ ನೋಡಬಹುದು. 'ಎಲೆಕ್ಟ್ರಿಸಿಟಿ' ಪದದ ಮೂಲ ಗ್ರೀಕಿನ 'ಏಲೆಕ್ಟ್ರಾನ್'. ಅದರ ಅರ್ಥ ಅಂಬರ್ ಎಂಬ ಮರದಂಟಿನ ಪಳೆಯುಳಿಕೆ. ಅದನ್ನು ಉಜ್ಜಿದಾಗ ಹುಲ್ಲು, ಹೊಟ್ಟು ಮೊದಲಾದ ಹಗುರ ವಸ್ತುಗಳು ಅದಕ್ಕೆ ಅಂಟುತ್ತವೆ. ಈ ಗುಣವುಳ್ಳ ವಸ್ತುಗಳನ್ನು ಹೇಳಲು ವಿಲಿಯಂ ಗಿಲ್ಬರ್ಟ್ 1600ರ ತನ್ನ ಲ್ಯಾಟಿನ್ ಗ್ರಂಥದಲ್ಲಿ 'ಅಂಬರಿನಂತಹ' ಎಂಬರ್ಥದ ವಿಶೇಷಣವನ್ನು ಬಳಸಿದ. 1646ರಲ್ಲಿ ಥಾಮಸ್ ಬ್ರೌನ್ ಅದರಿಂದ ಭಾವನಾಮವನ್ನು ಇಂಗ್ಲಿಷಿನಲ್ಲಿ ಬಳಸಿದ. 1891ರಲ್ಲಿ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ವಿದ್ಯುದಂಶದ ಮೂಲಮಾನಕ್ಕೆ 'ಎಲೆಕ್ಟ್ರಾನ್' ಎಂದು ಹೆಸರಿಟ್ಟಾಗ ಗ್ರೀಕರ ಅಂಬರಿನ ಪದವೇ ಪರಮಾಣುವಿನೊಳಗೆ ಸೇರಿತು. ಇಂದು ಇಂಗ್ಲಿಷ್ ಮಾತನಾಡುವವರ ಮನಸ್ಸಿನಲ್ಲಿ ಈ ಪದದೊಡನೆ ಅಂಬರು ಸುಳಿಯುವುದಿಲ್ಲ. ಮೂಲಾರ್ಥ ಮರೆಯಾದದ್ದರಿಂದ ಪದಕ್ಕೆ ಯಾವ ನಷ್ಟವೂ ಆಗಿಲ್ಲ.

ಇದೇ ಮಾರ್ಗ ಅರಬ್ಬಿಯಲ್ಲಿಯೂ ಇದೆ. ಪಾರಸಿಯಲ್ಲಿ ಅಂಬರಿಗೆ 'ಕಾಹ್‌ರುಬಾ', ಅಂದರೆ 'ಹುಲ್ಲನ್ನು ಸೆಳೆದೊಯ್ಯುವುದು' ಎಂಬ ಹೆಸರು. ಅದು ಅರಬ್ಬಿಗೆ ಹೋಗಿ 'ಕಹ್‌ರಬಾ' ಆಗಿ, ಆಧುನಿಕ ಕಾಲದಲ್ಲಿ ವಿದ್ಯುತ್ತಿನ ವಾಚಕವಾಯಿತು. ಸಂಸ್ಕೃತದಲ್ಲಿಯೂ 'ತೃಣಮಣಿ' ಎಂಬ ಪದವಿದೆ. ಹುಲ್ಲನ್ನು ಸೆಳೆಯುವ ಮಣಿ ಎಂದೇ ಅದರ ಅರ್ಥ. ಗ್ರೀಕ್ ಮತ್ತು ಪಾರಸಿ ಮಾರ್ಗವನ್ನು ಹಿಡಿದಿದ್ದರೆ ನಮ್ಮ ವಿದ್ಯುತ್ ಪದಾವಳಿ 'ತೃಣಮಣಿ'ಯಿಂದ ಹುಟ್ಟಬೇಕಾಗಿತ್ತು. ಆದರೆ ಭಾರತೀಯ ಭಾಷೆಗಳು ಆ ಮಾರ್ಗವನ್ನು ಬಿಟ್ಟು ಆಕಾಶದ ಮಿಂಚನ್ನು ಆಯ್ದುಕೊಂಡವು. ಚೀನೀ ಭಾಷೆಯಲ್ಲಿಯೂ ವಿದ್ಯುತ್ತನ್ನು ಹೇಳುವ ಲಿಪಿಚಿಹ್ನೆ ಮೊದಲು ಮಿಂಚನ್ನು ಹೇಳುತ್ತಿದ್ದದ್ದೇ.

ಇವೆರಡು ಮಾರ್ಗಗಳ ನಡುವಣ ಅಂತರ ಅರ್ಥಪೂರ್ಣವಾದುದು. ವಿದ್ಯುತ್ತನ್ನು ಮೊದಲು ಪ್ರಯೋಗದ ಮೇಜಿನ ಮೇಲೆ ಸೆಳೆತವಾಗಿ ಕಂಡವರು ಅದಕ್ಕೆ ಸೆಳೆಯುವ ವಸ್ತುವಿನ ಹೆಸರನ್ನಿಟ್ಟರು. ಮಿಂಚು ವಿದ್ಯುತ್ ವಿದ್ಯಮಾನವೆಂದು 1752ರ ಪ್ರಯೋಗಗಳಿಂದ ಖಚಿತವಾದ ಮೇಲೆ ಅದನ್ನು ಪಡೆದುಕೊಂಡ ಭಾಷಾಸಮುದಾಯಗಳಿಗೆ ಮಿಂಚಿನ ಹೆಸರು ಸಿದ್ಧವಾಗಿ ದೊರೆಯಿತು. ಆದ್ದರಿಂದ ನಮ್ಮ 'ವಿದ್ಯುತ್' ಪ್ರಾಚೀನ ಪದವಾದರೂ ಅದರ ಈ ಅರ್ಥ ಆಧುನಿಕವಾದುದು. ಋಗ್ವೇದದಲ್ಲಿಯೂ, 'ವಿದ್ಯುಲ್ಲತೆ' ಎನ್ನುವ ಕಾವ್ಯಪರಂಪರೆಯಲ್ಲಿಯೂ ಅದು ಮಿಂಚನ್ನು ಮಾತ್ರ ಹೇಳುತ್ತದೆ. ಪದದ ವಯಸ್ಸನ್ನು ಪರಿಕಲ್ಪನೆಯ ವಯಸ್ಸೆಂದು ಎಣಿಸಿ, ಪ್ರಾಚೀನರಿಗೆ ವಿದ್ಯುಚ್ಛಕ್ತಿ ತಿಳಿದಿತ್ತು ಎನ್ನುವ ವಾದ ಶಬ್ದಾರ್ಥ ವ್ಯತ್ಯಾಸದ ಮೊದಲ ಪಾಠವನ್ನೇ ಕಡೆಗಣಿಸುತ್ತದೆ.

ಇನ್ನೊಂದು ಜನಪ್ರಿಯ ನಿರುಕ್ತಿಯನ್ನೂ ಇಲ್ಲಿಯೇ ಬದಿಗಿಡಬೇಕು. 'ವಿದ್ಯುತ್' ಮತ್ತು 'ವಿದ್ಯೆ' ಒಂದೇ ಧಾತುವಿನಿಂದ ಬಂದವು, ಎರಡೂ ಬೆಳಕು ಕೊಡುತ್ತವೆ ಎಂಬ ಮಾತು ಭಾಷಣಗಳಲ್ಲಿ ಕೇಳಿಬರುತ್ತದೆ. 'ವಿದ್ಯೆ' ತಿಳಿ ಎಂಬರ್ಥದ 'ವಿದ್' ಧಾತುವಿನಿಂದ ಬಂದುದು. 'ವಿದ್ಯುತ್' ಎಂಬುದು 'ವಿ' ಉಪಸರ್ಗ, ಹೊಳೆ ಎಂಬರ್ಥದ 'ದ್ಯುತ್' ಧಾತು ಸೇರಿ ಆದುದು. ಆಕೃತಿಮಾಗಳ ಗಡಿ ಒಂದರಲ್ಲಿ 'ವಿದ್-ಯಾ', ಇನ್ನೊಂದರಲ್ಲಿ 'ವಿ-ದ್ಯುತ್'. ಇದರ ಒಂದು ಪರಿಣಾಮವನ್ನು ನಮ್ಮ ಭೌತವಿಜ್ಞಾನದ ಪಠ್ಯಗಳಲ್ಲಿ ಕಾಣಬಹುದು. 'ದ್ಯುತಿವಿದ್ಯುತ್ ಪರಿಣಾಮ' ಎಂಬ ಪದದಲ್ಲಿ ಬೆಳಕನ್ನು ಹೇಳುವ 'ದ್ಯುತಿ'ಯೂ ವಿದ್ಯುತ್ತನ್ನು ಹೇಳುವ 'ವಿದ್ಯುತ್' ಪದವೂ ಒಂದೇ ಧಾತುವಿನವು. ಇಂಗ್ಲಿಷಿನ ಸಮಾನ ಪದದಲ್ಲಿ ಬೆಳಕಿಗೊಂದು, ಅಂಬರಿಗೊಂದು ಎಂದು ಎರಡು ಬೇರೆ ಗ್ರೀಕ್ ಮೂಲಗಳಿವೆ. ಹೀಗಿದ್ದರೂ ಕನ್ನಡದ ಪದ ವಿದ್ಯಾರ್ಥಿಗೆ ಗೊಂದಲವುಂಟುಮಾಡುವುದಿಲ್ಲ. 'ದ್ಯುತಿಸಂಶ್ಲೇಷಣೆ'ಯ ಜೊತೆ ಕಲಿತ 'ದ್ಯುತಿ', 'ವಿದ್ಯುತ್ ದೀಪ'ದ ಜೊತೆ ಕಲಿತ 'ವಿದ್ಯುತ್' ಅವನ ಮಟ್ಟಿಗೆ ಎರಡು ಬೇರೆ ಪದಗಳು. ಅರ್ಥವನ್ನು ನಿಲ್ಲಿಸುವುದು ಧಾತುವಲ್ಲ, ಪದಗಳ ಪರಸ್ಪರ ವ್ಯತ್ಯಾಸ.

3. 'ವಿದ್ಯುತ್' ಎಷ್ಟರಮಟ್ಟಿಗೆ ಸಂಸ್ಕೃತ?

ಅಚ್ಚಗನ್ನಡವಾದಿಗಳು 'ವಿದ್ಯುತ್' ಪದವನ್ನು ಸಂಸ್ಕೃತವೆಂದು ಬಿಡಬಯಸುತ್ತಾರೆ, ಸಂಸ್ಕೃತವಾದಿಗಳು ಅದೇ ಕಾರಣಕ್ಕೆ ಉಳಿಸಬಯಸುತ್ತಾರೆ. ಇಬ್ಬರೂ ಒಪ್ಪಿಕೊಂಡಿರುವ ಪೂರ್ವಪಕ್ಷವನ್ನೇ ನಾವು ಪ್ರಶ್ನಿಸುತ್ತೇವೆ. ಇಂದಿನ ಕನ್ನಡದಲ್ಲಿ ಈ ಪದ ಸಂಸ್ಕೃತ ಪದದಂತೆ ನಡೆದುಕೊಳ್ಳುತ್ತಿದೆಯೇ?

ಸಂಸ್ಕೃತ ಸಂಧಿಯ ನಿಯಮದಂತೆ ಸಮಾಸದಲ್ಲಿ ಈ ಪದದ ಕೊನೆಯ ವ್ಯಂಜನ ಮುಂದಿನ ಧ್ವನಿಗೆ ತಕ್ಕಂತೆ ಬದಲಾಗುತ್ತದೆ. 'ವಿದ್ಯುತ್ಕೋಶ', 'ವಿದ್ಯುದ್ದೀಪ', 'ವಿದ್ಯುಚ್ಛಕ್ತಿ', 'ವಿದ್ಯುಜ್ಜನಕ', 'ವಿದ್ಯುನ್ಮಂಡಲ', 'ವಿದ್ಯುಲ್ಲೇಪನ' ಎಂಬ ಆರು ಪದಗಳಲ್ಲಿ ಒಂದೇ ಪ್ರಕೃತಿ ಆರು ರೂಪಗಳನ್ನು ತಾಳಿದೆ. ವಿಭಕ್ತಿ ಪ್ರತ್ಯಯ ಸೇರುವಾಗ ಏಳನೆಯದಾಗಿ ದ್ವಿತ್ವವುಳ್ಳ 'ವಿದ್ಯುತ್ತು' ಎಂಬ ರೂಪ ಬರುತ್ತದೆ. 'ವಿದ್ಯುತ್ತಿನ', 'ವಿದ್ಯುತ್ತಿಗೆ', 'ವಿದ್ಯುತ್ತನ್ನು' ಎಂಬಲ್ಲಿ ಕಾಣುವ ಈ ರೂಪ ಕನ್ನಡದ ಸ್ವಂತ ವ್ಯವಸ್ಥೆಗೆ ಸೇರಿದ್ದು. ವ್ಯಂಜನಾಂತ ಪದವನ್ನು ಉಕಾರಾಂತವಾಗಿಸಿಕೊಳ್ಳುವ ಕನ್ನಡದ ಹಳೆಯ ರೂಢಿ ಅದು.

ಈಗ ಸಮಕಾಲೀನ ಬರಹವನ್ನು ಗಮನಿಸೋಣ. 'ವಿದ್ಯುತ್ ದೀಪ', 'ವಿದ್ಯುತ್ ಜಾಲ', 'ವಿದ್ಯುತ್ ಮಾರ್ಗ', 'ವಿದ್ಯುತ್ ಶುಲ್ಕ' ಎಂದು ಪತ್ರಿಕೆಗಳೂ ಸರ್ಕಾರಿ ಪ್ರಕಟಣೆಗಳೂ ಬರೆಯುತ್ತವೆ. ಸಂಧಿ ಮಾಡಬೇಕಾದ ಕಡೆಗಳಲ್ಲೆಲ್ಲ ಸಂಧಿಯನ್ನು ಕೈಬಿಡಲಾಗಿದೆ. ಸಂಸ್ಥೆಗಳ ಹೆಸರುಗಳಲ್ಲಿಯೂ ಈ ಪಲ್ಲಟ ಕಾಣುತ್ತದೆ. 1957ರಲ್ಲಿ ಸ್ಥಾಪಿತವಾದ ಮಂಡಳಿಯ ಹೆಸರಿನಲ್ಲಿ 'ವಿದ್ಯುಚ್ಛಕ್ತಿ' ಇತ್ತು. 1999ರ ಪುನರ್ರಚನೆಯಿಂದ ಬಂದ ಪ್ರಸರಣ ನಿಗಮದ ಹೆಸರಿನಲ್ಲಿ 'ವಿದ್ಯುತ್' ಇದೆ. ಮುಖ್ಯವಾದ ಸಂಗತಿಯೆಂದರೆ, ಸಂಧಿ ಬಿಟ್ಟ ಈ 'ವಿದ್ಯುತ್' ಕನ್ನಡ ಪದಗಳ ಜೊತೆಗೂ ಎಗ್ಗಿಲ್ಲದೆ ಸೇರುತ್ತದೆ. 'ವಿದ್ಯುತ್ ಕಂಬ', 'ವಿದ್ಯುತ್ ಮಗ್ಗ', 'ವಿದ್ಯುತ್ ಕಡಿತ', 'ವಿದ್ಯುತ್ ಕಳವು' ಎಂಬಲ್ಲಿ ಉತ್ತರಪದಗಳು ಸಂಸ್ಕೃತದವಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕೆಲವು ಅಪವಾದಗಳ ಹೊರತು ಒಪ್ಪದಿದ್ದ ಅರಿಸಮಾಸ ಇಲ್ಲಿ ಸಹಜ ನಿಯಮವಾಗಿದೆ. 'ಅರೆವಾಹಕ' ಎಂಬ ಪಾರಿಭಾಷಿಕ ಪದವೂ ಇದೇ ಬಗೆಯದು. ಅದನ್ನು 'ಅರ್ಧವಾಹಕ' ಎಂದು ತಿದ್ದಬೇಕೆಂದು ಓದುಗನಿಗೆ ಅನ್ನಿಸುವುದೇ ಇಲ್ಲ.

ಇದರ ಅರ್ಥವಿಷ್ಟು. ಸಂಧಿಯುಳ್ಳ ರೂಪಗಳು ಇಡಿಯಾಗಿ ಎರವಲು ಬಂದ ಪದಗಳು. ಸಂಧಿಯಿಲ್ಲದ 'ವಿದ್ಯುತ್' ಕನ್ನಡವು ತನ್ನದಾಗಿಸಿಕೊಂಡ ಒಂದು ಪ್ರಕೃತಿ. ಮೊದಲನೆಯವು ನೆನಪಿನಲ್ಲಿಡಬೇಕಾದ ಪಟ್ಟಿ, ಎರಡನೆಯದು ಹೊಸ ಪದ ಕಟ್ಟುವ ಸಾಧನ. ಸಂಸ್ಕೃತವಾದಿ ಪಠ್ಯಕಾರರು 'ವಿದ್ಯುತ್ ಮಂಡಲ'ವನ್ನು ತಪ್ಪೆಂದು ತಿದ್ದಿ 'ವಿದ್ಯುನ್ಮಂಡಲ'ವೆಂದು ಮಾಡಿದಾಗ ಅವರು ಕನ್ನಡದ ಜೀವಂತ ನಿಯಮವೊಂದನ್ನು ಬೇರೆ ಭಾಷೆಯ ನಿಯಮದಿಂದ ಅಳೆಯುತ್ತಿದ್ದಾರೆ. ಕನ್ನಡವನ್ನು ಸಂಸ್ಕೃತ ವ್ಯಾಕರಣದ ಚೌಕಟ್ಟಿನಲ್ಲಿ ನೋಡುವುದು ಸಲ್ಲದೆಂದು ಡಿ. ಎನ್. ಶಂಕರ ಭಟ್ಟರು ದೀರ್ಘಕಾಲ ವಾದಿಸಿದ್ದಾರೆ. ಆ ವಾದದ ನೇರ ಫಲ ಇಲ್ಲಿದೆ. ಆದರೆ ಅದೇ ವಾದ 'ವಿದ್ಯುತ್' ಪದವನ್ನು ಹೊರಹಾಕುವುದಕ್ಕೆ ಬೆಂಬಲ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ವ್ಯಾಕರಣಕ್ಕೆ ಒಳಪಟ್ಟ ಪದ ವ್ಯಾಕರಣದ ದೃಷ್ಟಿಯಿಂದ ಕನ್ನಡದ ಪದವೇ.

ಸಂಧಿಯ ರೂಪಗಳು ಹೇಗೆ ಅಪಾರದರ್ಶಕವಾಗುತ್ತವೆಂಬುದಕ್ಕೆ 'ವಿದ್ಯುನ್ಮಾನ' ಒಳ್ಳೆಯ ನಿದರ್ಶನ. 'ವಿದ್ಯುನ್ಮಾನ ಮತಯಂತ್ರ', 'ವಿದ್ಯುನ್ಮಾನ ಮಾಧ್ಯಮ' ಎಂಬಲ್ಲಿ ಅದು 'ಎಲೆಕ್ಟ್ರಾನಿಕ್' ಎಂಬುದಕ್ಕೆ ಸಮಾನವಾಗಿ ನಿಂತಿದೆ. ಆದರೆ 'ತಾಪಮಾನ'ದ ಮಾದರಿಯಲ್ಲಿ ಬಿಡಿಸಿದರೆ ಅದು 'ವಿದ್ಯುತ್ತಿನ ಅಳತೆ' ಎಂದಾಗಬೇಕು. 'ವಿದ್ಯುತ್ತುಳ್ಳದ್ದು' ಎಂಬರ್ಥದ ಮತುಪ್ ಪ್ರತ್ಯಯದ ರೂಪವೆಂದುಕೊಂಡರೆ ಕೊನೆಯ ಅಕಾರಕ್ಕೆ ಸಮಾಧಾನ ಹೇಳಬೇಕು. ಬಳಸುವವರು ಈ ಎರಡರಲ್ಲಿ ಯಾವುದನ್ನೂ ಮಾಡದೆ ಪದವನ್ನು ಇಡಿಯಾಗಿ ಹಿಡಿಯುತ್ತಾರೆ. ಪದ ನಿಂತಿದೆ, ಅದನ್ನು ಕೆಡವಬೇಕಾಗಿಲ್ಲ. ಆದರೆ ಸಂಸ್ಕೃತಮೂಲದ ಪದಗಳು ತಮ್ಮ ಅರ್ಥವನ್ನು ತಾವೇ ಬಿಚ್ಚಿ ತೋರಿಸುತ್ತವೆ ಎಂಬ ಸಾಮಾನ್ಯ ಸಮರ್ಥನೆಗೆ ಇದು ಪ್ರತಿನಿದರ್ಶನ.

4. 'ಮಿಂಚು' ಎಷ್ಟರಮಟ್ಟಿಗೆ ಸಿದ್ಧ?

'ಮಿಂಚು' ದ್ರಾವಿಡ ಭಾಷೆಗಳಲ್ಲಿ ಹರಡಿರುವ 'ಮಿನ್' ಎಂಬ ಮೂಲಕ್ಕೆ ಸೇರಿದ್ದು. ಕನ್ನಡದ 'ಮಿನುಗು', 'ಮಿಣುಕು', 'ಮಿಣುಕುಹುಳು', ತಮಿಳಿನ 'ಮಿನ್ನಲ್', ಮಲಯಾಳದ 'ಮಿನ್ನಲ್' ಇದರ ಬಳಗದವು. ತಮಿಳು ಈ ಮೂಲವನ್ನು ವಿದ್ಯುತ್ ಪದಾವಳಿಗೆ ವ್ಯವಸ್ಥಿತವಾಗಿ ಬಳಸಿಕೊಂಡಿದೆ. 'ಮಿನ್‌ಸಾರಂ' (ವಿದ್ಯುತ್ತು), 'ಮಿನ್‌ವಿಳಕ್ಕು' (ವಿದ್ಯುತ್ ದೀಪ), 'ಮಿನ್‌ವಿಸಿರಿ' (ಬೀಸಣಿಗೆ), 'ಮಿನ್ನಂಜಲ್' (ಇ-ಅಂಚೆ) ಎಂಬಲ್ಲಿ ಏಕಾಕ್ಷರಿ ಮೂಲವೇ ಪೂರ್ವಪದವಾಗಿ ನಿಲ್ಲುತ್ತದೆ. ಕನ್ನಡದಲ್ಲಿಯೂ ಇದನ್ನೇ ಮಾಡಬಹುದಲ್ಲವೇ ಎಂಬುದು ಅಚ್ಚಗನ್ನಡವಾದಿಗಳ ಪ್ರಶ್ನೆ.

ಪ್ರಶ್ನೆ ನ್ಯಾಯವಾದುದು. 'ಮಿಂಚು' ಎಂದರೆ ಆಕಾಶದ ಮಿಂಚೇ ಹೊರತು ತಂತಿಯ ವಿದ್ಯುತ್ತಲ್ಲ ಎಂದು ಅದನ್ನು ತಳ್ಳಿಹಾಕುವವರು, 'ವಿದ್ಯುತ್' ಪದಕ್ಕೂ ಮೂಲದಲ್ಲಿ ಅಷ್ಟೇ ಅರ್ಥವಿತ್ತೆಂಬುದನ್ನು ಮರೆಯುತ್ತಾರೆ. ಈ ಆಕ್ಷೇಪಕ್ಕೆ ಬೆಲೆಯಿಲ್ಲ. ನಿಜವಾದ ತೊಡಕುಗಳು ಬೇರೆ ಇವೆ.

ಮೊದಲನೆಯದು ಆಕೃತಿಗೆ ಸಂಬಂಧಿಸಿದ್ದು. ತಮಿಳಿನ 'ಮಿನ್' ಸ್ವತಂತ್ರ ಪದವಾಗಿಯೂ ಪೂರ್ವಪದವಾಗಿಯೂ ಉಳಿದಿದೆ. ಕನ್ನಡದಲ್ಲಿ 'ಮಿನ್' ಎಂಬುದು ಇಂದು ಭಾಷಾವಿಜ್ಞಾನಿ ಹೊರತೆಗೆಯಬೇಕಾದ ಮೂಲವೇ ಹೊರತು ಮಾತುಗಾರನ ಕೈಯಲ್ಲಿರುವ ಪ್ರಕೃತಿಯಲ್ಲ. ಕನ್ನಡದ ಕೈಯಲ್ಲಿರುವುದು 'ಮಿಂಚು'. ಸ್ವರಾದಿ ಪದದ ಮುಂದೆ ಲೋಪಸಂಧಿಯಾಗಿ 'ಮಿಂಚಂಚೆ' ಸೊಗಸಾಗಿ ಕೂಡುತ್ತದೆ, ಆದ್ದರಿಂದಲೇ ಅದು ಬಳಕೆಯಲ್ಲಿ ಉಳಿದಿದೆ. ವ್ಯಂಜನಾದಿ ಪದದ ಮುಂದೆ ಎರಡನೆಯ ತೊಡಕು ಏಳುತ್ತದೆ. 'ಮಿಂಚು' ನಾಮಪದವೂ ಹೌದು, ಕ್ರಿಯಾಪ್ರಕೃತಿಯೂ ಹೌದು. 'ಮಿಂಚುಹುಳು' ಎಂದರೆ ಮಿಂಚುವ ಹುಳು. ಆ ಮಾದರಿಯಲ್ಲಿ 'ಮಿಂಚುದೀಪ'ವೆಂದರೆ ಕೇಳುಗನಿಗೆ ಮಿನುಗುವ ದೀಪವೆಂದೇ ತೋರುತ್ತದೆ. ವಿದ್ಯುತ್ತಿನಿಂದ ಉರಿಯುವ ದೀಪವೆಂಬ ಅರ್ಥ ಹಿಂದೆ ಸರಿಯುತ್ತದೆ. ಮೂರನೆಯದಾಗಿ, 'ಕಾಲ ಮಿಂಚಿತು' ಎಂಬಲ್ಲಿರುವ, ಮೀರು ಎಂಬರ್ಥದ, 'ಮಿಗು' ಬಳಗದ ಇನ್ನೊಂದು 'ಮಿಂಚು' ಇದೆ. 'ಓಟದಲ್ಲಿ ಮಿಂಚಿದಳು' ಎಂಬ ಪ್ರಯೋಗದಲ್ಲಿ ಎರಡೂ ಕಲಸಿಹೋಗಿವೆ.

ಈ ತೊಡಕುಗಳು ಸ್ಥಳೀಯವಾದವು. 'ಮಿಂಚು' ಎಲ್ಲಿಯೂ ಸಲ್ಲದೆಂದು ಅವು ಸಾಧಿಸುವುದಿಲ್ಲ. ವಾಹನ, ಯಂತ್ರ, ದೀಪಗಳ ಮುಂದೆ ಅದು ತೊಡಕಾಗಬಹುದು, ಅಂಚೆಯ ಮುಂದೆ ಆಗುವುದಿಲ್ಲ. ಪದವನ್ನು ಬಳಗದೊಳಗಿಟ್ಟು ಪರೀಕ್ಷಿಸಬೇಕು ಎಂಬುದಷ್ಟೇ ನಮ್ಮ ವಾದ.

5. 'ಕರೆಂಟು': ಎರವಲು ಪದದ ಸ್ವಂತ ವ್ಯಾಕರಣ

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದರ ದೀಪ ಬಂತು. ಅಂದಿನಿಂದ ಇಂದಿನವರೆಗೆ ವಿದ್ಯುತ್ತು ಕನ್ನಡಿಗರ ಮನೆ ಹೊಲಗಳಿಗೆ ಹಬ್ಬುತ್ತ ಬಂದಂತೆ ಮಾತಿನಲ್ಲಿ ನೆಲೆಯೂರಿದ ಪದ 'ಕರೆಂಟು'. ತಮಿಳು, ತೆಲುಗು, ಮಲಯಾಳಗಳ ಆಡುಮಾತಿನಲ್ಲಿಯೂ ಇದೇ ಪದವಿದೆ. ಇಂಗ್ಲಿಷಿನಲ್ಲಿ ಇದರ ಅರ್ಥ ಹರಿವು, ಅದರ ಲ್ಯಾಟಿನ್ ಮೂಲಕ್ಕೆ ಓಡು ಎಂಬರ್ಥ. ಕನ್ನಡದಲ್ಲಿ ಅರ್ಥವಿಸ್ತಾರವಾಗಿ ಅದು ವಿದ್ಯುತ್ತು, ವಿದ್ಯುತ್ ಪೂರೈಕೆ, ವಿದ್ಯುದಾಘಾತ ಮೂರನ್ನೂ ಹೇಳುತ್ತದೆ. ಇದನ್ನು ಇಂಗ್ಲಿಷ್ ಪದವೆನ್ನುವುದು ಅರ್ಥದ ದೃಷ್ಟಿಯಿಂದ ಸರಿಯಲ್ಲ.

ಧ್ವನಿ ಮತ್ತು ಆಕೃತಿಗಳಲ್ಲಿಯೂ ಪದ ಕನ್ನಡವಾಗಿದೆ. ಇಂಗ್ಲಿಷಿನ ವರ್ತ್ಸ್ಯ ಸ್ಪರ್ಶಧ್ವನಿ ಮೂರ್ಧನ್ಯವಾಗಿ, ಕೊನೆಗೆ ಉಕಾರ ಸೇರಿ, 'ಕರೆಂಟಿನ', 'ಕರೆಂಟಿಗೆ', 'ಕರೆಂಟಿಲ್ಲ' ಎಂಬ ರೂಪಗಳು ಸರಾಗವಾಗಿ ಆಗುತ್ತವೆ. 'ವಿದ್ಯುತ್' ಪದಕ್ಕೆ ಬೇಕಾಗುವ ದ್ವಿತ್ವದ ಕಸರತ್ತು ಇಲ್ಲಿ ಬೇಕಾಗಿಲ್ಲ.

ಇನ್ನೂ ಗಮನಾರ್ಹವಾದುದು ಈ ಪದದ ಜೊತೆ ಬರುವ ಕ್ರಿಯಾಪದಗಳು. 'ಕರೆಂಟು ಬಂತು', 'ಕರೆಂಟು ಹೋಯಿತು' ಎಂಬಲ್ಲಿ ಮಳೆಗೆ ಬಳಸುವ ಕ್ರಿಯಾಪದಗಳಿವೆ. 'ಕರೆಂಟು ಹೊಡೆಯಿತು' ಎಂಬಲ್ಲಿ ಸಿಡಿಲಿನ ಕ್ರಿಯಾಪದವಿದೆ. 'ಹೀಟರು ಬಹಳ ಕರೆಂಟು ತಿನ್ನುತ್ತದೆ', 'ಕರೆಂಟು ಉಳಿಸು', 'ಕರೆಂಟು ಕದ್ದರು' ಎಂಬಲ್ಲಿ ಅದು ದವಸದಂತಹ ಪದಾರ್ಥ. 'ಕರೆಂಟು ತೆಗೆದಿದ್ದಾರೆ' ಎಂಬಲ್ಲಿ ಅದಕ್ಕೊಬ್ಬ ಒಡೆಯನಿದ್ದಾನೆ. ಕನ್ನಡವು ಬೆಳಕಿಗೆ 'ಮಿಂಚು', ಹೊಡೆತಕ್ಕೆ 'ಸಿಡಿಲು', ಸದ್ದಿಗೆ 'ಗುಡುಗು' ಎಂದು ಒಂದೇ ವಿದ್ಯಮಾನವನ್ನು ಮೂರಾಗಿ ವಿಂಗಡಿಸುತ್ತದೆ. ಪಂಡಿತರು ಬೆಳಕಿನ ಪದವನ್ನು ಆಯ್ದರು, ಜನ ಹೊಸ ಪದವನ್ನು ಹೊಡೆತದ ವಾಕ್ಯರಚನೆಯಲ್ಲಿ ಕೂರಿಸಿದರು. 'ವಿದ್ಯುತ್' ಈ ಸಂದರ್ಭಗಳಲ್ಲಿ ಬಾರದಿರುವುದು ಅದು ಸಂಸ್ಕೃತವೆಂಬ ಕಾರಣಕ್ಕಲ್ಲ. ಅದನ್ನು ಆಡಳಿತ ಮತ್ತು ಪಠ್ಯಗಳು ನಾಮಪದಗಳ ಸರಪಳಿಯಲ್ಲಿಯೇ ಇಟ್ಟು, ಕ್ರಿಯಾಪದಗಳ ಸಹವಾಸದಿಂದ ದೂರವಿಟ್ಟದ್ದ ಕಾರಣಕ್ಕೆ.

ಇಲ್ಲಿ ಉತ್ತರದ ಭಾಷೆಗಳೊಡನೆ ಹೋಲಿಕೆ ಉಪಯುಕ್ತ. ಸಂಸ್ಕೃತದ 'ವಿದ್ಯುತ್' ಪ್ರಾಕೃತದಲ್ಲಿ 'ವಿಜ್ಜು' ಆಗಿ, ಹಿಂದಿಯ 'ಬಿಜಲೀ', ಮರಾಠಿಯ 'ವೀಜ' ಆಯಿತು. ಕನ್ನಡದ 'ಬಿಜ್ಜೆ' (ವಿದ್ಯೆ) ಎಂಬ ತದ್ಭವದಲ್ಲಿ ಕಾಣುವುದೂ ಇದೇ ಧ್ವನಿವ್ಯತ್ಯಾಸ. ಹಿಂದಿ ಮತ್ತು ಮರಾಠಿಗಳಲ್ಲಿ ಆಡುಮಾತಿನ ಪದವೂ ಶಾಸ್ತ್ರದ ಪದವೂ ಒಂದೇ ಮೂಲದವು, ಆಡುಮಾತಿನ ಪದವೇ ಮಿಂಚನ್ನೂ ಹೇಳುತ್ತದೆ. ಕನ್ನಡದಲ್ಲಿ ಈ ಮೂರು ಸ್ಥಾನಗಳನ್ನು ಪರಸ್ಪರ ಸಂಬಂಧವಿಲ್ಲದ ಮೂರು ಪದಗಳು ಹಂಚಿಕೊಂಡಿವೆ. ಆಕಾಶದಲ್ಲಿ 'ಮಿಂಚು', ಮನೆಯಲ್ಲಿ 'ಕರೆಂಟು', ಪುಸ್ತಕದಲ್ಲಿ 'ವಿದ್ಯುತ್'. ಆಡುಮಾತಿಗೂ ಪಠ್ಯಕ್ಕೂ ನಡುವಣ ದೂರ ಕನ್ನಡದಲ್ಲಿ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣ. ಸಾಹಿತ್ಯ ಕೃತಿಗಳ ಪ್ರಯೋಗಗಳನ್ನು ಆಧರಿಸಿ ನಿಘಂಟು ಕಟ್ಟುವ ನಮ್ಮ ಪರಂಪರೆಯಲ್ಲಿ 'ಕರೆಂಟು' ಪದದ ಈ ಅರ್ಥವಿಸ್ತಾರಕ್ಕೂ, ಹಳ್ಳಿಗಳ 'ಸಿಂಗಲ್ ಫೇಸು', 'ತ್ರೀ ಫೇಸು', 'ಟಿಸಿ ಸುಟ್ಟಿತು' ಎಂಬ ಪ್ರಯೋಗಗಳಿಗೂ ಜಾಗ ಸಿಗುವುದು ಕಷ್ಟ. ರೈತನ ರಾತ್ರಿಯನ್ನು ನಿರ್ಧರಿಸುವ ಪದಗಳು ಇವು.

ಎರವಲಿನ ಮೂಲಾರ್ಥವೂ ಕಾಲಕ್ಕೆ ತಕ್ಕಂತೆ ಸರಿಯುತ್ತದೆಂಬುದಕ್ಕೆ 'ತಂತಿ'ಯನ್ನು ನೋಡಬಹುದು. ಸಂಸ್ಕೃತದ 'ತಂತ್ರೀ'ಯಿಂದ ಬಂದ ಈ ತದ್ಭವ ವೀಣೆಯ ತಂತಿಯನ್ನು ಹೇಳುತ್ತಿತ್ತು. ಟೆಲಿಗ್ರಾಫು ಬಂದ ಮೇಲೆ 'ತಂತಿ ಬಂತು' ಎಂದರೆ ಸುದ್ದಿ ಬಂತು, ಹೆಚ್ಚಾಗಿ ಕೆಟ್ಟ ಸುದ್ದಿ ಬಂತು ಎಂದಾಯಿತು. 2013ರ ಜುಲೈನಲ್ಲಿ ತಂತಿಸೇವೆ ನಿಂತೊಡನೆ ಆ ಅರ್ಥದ ಆಸರೆ ತಪ್ಪಿತು. ವೀಣೆಯ ತಂತಿ ಉಳಿಯಿತು, ಕಂಬದ ತಂತಿ ಉಳಿಯಿತು.

6. ತರಗತಿಯ ಪದಗಳು

ಮೂಲದ ಚರ್ಚೆಯಲ್ಲಿ ಮುಳುಗಿದವರು ಹೆಚ್ಚಾಗಿ ಕಡೆಗಣಿಸುವ ಪ್ರಶ್ನೆಯೆಂದರೆ, ಪಾರಿಭಾಷಿಕ ಪದವು ಕಲಿಯುವವನ ಮನಸ್ಸಿನಲ್ಲಿ ಆಗಲೇ ಇರುವ ಕನ್ನಡ ಪದದೊಡನೆ ಹೇಗೆ ಡಿಕ್ಕಿ ಹೊಡೆಯುತ್ತದೆ ಎಂಬುದು. ಪಾರಿಭಾಷಿಕ ಪದಗಳ ಕೇಂದ್ರೀಯ ಆಯೋಗ 1961ರಲ್ಲಿ ಸ್ಥಾಪಿತವಾದ ಬಳಿಕ ಸಂಸ್ಕೃತಮೂಲದ ಸಮಾನ ಪದಗಳು ಭಾರತೀಯ ಭಾಷೆಗಳಲ್ಲಿ ಹಂಚಿಕೆಯಾದವು. ಆದರೆ ಅದೇ ಸಂಸ್ಕೃತ ಪದ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಅರ್ಥಚರಿತ್ರೆಯನ್ನು ಪಡೆದಿರುತ್ತದೆ.

'ಪ್ರವಾಹ'ವನ್ನೇ ತೆಗೆದುಕೊಳ್ಳೋಣ. ಸಂಸ್ಕೃತದಲ್ಲಿ ಅದು ಹರಿವು. ಕನ್ನಡಿಗನಿಗೆ ಅದು ನೆರೆ. 'ಪ್ರವಾಹಪೀಡಿತ' ಎಂಬ ಪದದ ಜೊತೆ ಬೆಳೆದ ವಿದ್ಯಾರ್ಥಿಗೆ 'ಅತ್ಯಲ್ಪ ವಿದ್ಯುತ್ ಪ್ರವಾಹ' ಎಂಬುದು ವಿರೋಧಾಭಾಸದಂತೆ ಕೇಳಿಸಬಹುದು. 'ಹರಿವು' ಎಂಬ ಪದ ಸಂಸ್ಕೃತವಲ್ಲವೆಂಬ ಕಾರಣಕ್ಕಲ್ಲದೆ, ಅದರಲ್ಲಿ ಪ್ರಮಾಣದ ಸೂಚನೆ ಇಲ್ಲವೆಂಬ ಕಾರಣಕ್ಕೆ ಇಲ್ಲಿ ಹೆಚ್ಚು ಯೋಗ್ಯ. ಇದಕ್ಕೆ ಇನ್ನೊಂದು ಎಳೆ ಸೇರುತ್ತದೆ. ಮನೆಯ ಕನ್ನಡದಲ್ಲಿ 'ಕರೆಂಟು ಖರ್ಚಾಗುತ್ತದೆ'. ಭೌತವಿಜ್ಞಾನದಲ್ಲಿ ಮಂಡಲದೊಳಗೆ ಹರಿವು ಖರ್ಚಾಗುವುದಿಲ್ಲ, ವರ್ಗಾವಣೆಯಾಗುವುದು ಶಕ್ತಿ. ಬಲ್ಬಿನ ಒಂದು ಬದಿಯಲ್ಲಿರುವಷ್ಟೇ ಹರಿವು ಇನ್ನೊಂದು ಬದಿಯಲ್ಲಿಯೂ ಇರುತ್ತದೆ. ಮನೆಮಾತಿನ 'ಕರೆಂಟು' ಶಕ್ತಿಯನ್ನು ಹೇಳುತ್ತದೆ, ಪಠ್ಯದ 'ಪ್ರವಾಹ' ಹರಿವನ್ನು ಹೇಳುತ್ತದೆ ಎಂಬ ಭೇದವನ್ನು ಪಠ್ಯವು ಬಾಯಿಬಿಟ್ಟು ಹೇಳದಿದ್ದರೆ, ಎರಡೂ ಒಂದೇ ಎಂದು ವಿದ್ಯಾರ್ಥಿ ತಿಳಿಯುವುದು ಸಹಜ. ಆಡುಮಾತನ್ನು ತರಗತಿಯಿಂದ ಹೊರಗಿಟ್ಟದ್ದರ ಬೆಲೆ ಇದು.

'ಆವೇಶ'ದ ಸ್ಥಿತಿಯೂ ಹೀಗೆಯೇ. ಇಂಗ್ಲಿಷಿನ ಸಮಾನ ಪದದ ಮೂಲಾರ್ಥ ಹೊರೆ, ತುಂಬುವಿಕೆ. ಸಂಸ್ಕೃತದ 'ಆವೇಶ' ಒಳಹೊಗುವುದು. ಕನ್ನಡದಲ್ಲಿ ಅದು ಮೈಮೇಲೆ ಬರುವುದು, ರೊಚ್ಚು. 'ಆವೇಶಭರಿತ ಭಾಷಣ'ಕ್ಕೂ 'ಆವೇಶಭರಿತ ಕಣ'ಕ್ಕೂ ನಡುವೆ ವಿದ್ಯಾರ್ಥಿ ಒಂದು ರೂಪಕವನ್ನು ಕಟ್ಟಿಕೊಳ್ಳುತ್ತಾನೆ, ಆ ರೂಪಕ ಅವನನ್ನು ದಾರಿತಪ್ಪಿಸುತ್ತದೆ. 'ವಿದ್ಯುದಂಶ'ದಲ್ಲಿ ಈ ಹೊರೆಯಿಲ್ಲ. 'ವಿಭವಾಂತರ'ದ 'ವಿಭವ' ಕನ್ನಡಿಗನಿಗೆ 'ವೈಭವ'ದ ಬಳಗದ್ದು. ಅದು ಅಷ್ಟು ಬಾಧಕವಲ್ಲ, ಏಕೆಂದರೆ 'ವಿಭವ' ದಿನಬಳಕೆಯಲ್ಲಿಲ್ಲ.

ಸಂಸ್ಕೃತಮೂಲದ ಪದವೇ ಇಂಗ್ಲಿಷಿನದಕ್ಕಿಂತ ಮೇಲಾದ ಸಂದರ್ಭವೂ ಇದೆ. 1747ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಒಂದೇ ದ್ರವವೆಂದು ಬಗೆದು, ಅದರ ಹೆಚ್ಚಳ ಮತ್ತು ಕೊರತೆಗಳಿಗೆ ಕೂಡುವ ಕಳೆಯುವ ಚಿಹ್ನೆಗಳ ಹೆಸರುಗಳನ್ನಿಟ್ಟ. ನಮ್ಮ 'ಧನ', 'ಋಣ' ಪದಗಳು ಬ್ರಹ್ಮಗುಪ್ತನ 628ರ ಗ್ರಂಥದಷ್ಟು ಹಳೆಯ ಗಣಿತ ಪದಗಳು. ಅವುಗಳ ಅರ್ಥ ಸಂಪತ್ತು ಮತ್ತು ಸಾಲ. ಫ್ರಾಂಕ್ಲಿನ್ನನ ಹೆಚ್ಚಳ ಕೊರತೆಗಳ ಕಲ್ಪನೆಗೆ ಇಂಗ್ಲಿಷಿನ ಇಂದಿನ ಪದಗಳಿಗಿಂತ ಇವೇ ಹತ್ತಿರ.

ಆದರೆ ಇದೇ ಜೋಡಿಯನ್ನು 'ಧನಾಗ್ರ', 'ಋಣಾಗ್ರ'ಗಳಿಗೆ ವಿಸ್ತರಿಸಿದಲ್ಲಿ ತಪ್ಪು ನುಸುಳಿತು. ಆನೋಡು ಮತ್ತು ಕ್ಯಾಥೋಡುಗಳಿಗೆ ಇವುಗಳನ್ನು ಸಮಾನ ಪದಗಳಾಗಿ ಹಿಂದಿಯಲ್ಲಿಯೂ ಕನ್ನಡದಲ್ಲಿಯೂ ಬಳಸಲಾಗಿದೆ. 1834ರಲ್ಲಿ ಮೈಕೆಲ್ ಫ್ಯಾರಡೆ ವಿಲಿಯಂ ಹ್ಯೂಯೆಲ್‌ನ ಸಲಹೆ ಪಡೆದು ಈ ಪದಗಳನ್ನು ಟಂಕಿಸಿದಾಗ 'ಏರುದಾರಿ', 'ಇಳಿದಾರಿ' ಎಂಬರ್ಥದ ಗ್ರೀಕ್ ಪದಗಳನ್ನು ಆರಿಸಿದ. ಯಾವ ಸಿದ್ಧಾಂತಕ್ಕೂ ಕಟ್ಟುಬೀಳದ ಹೆಸರು ಅವನಿಗೆ ಬೇಕಾಗಿತ್ತು. ಆನೋಡು ಎಂದರೆ ಉತ್ಕರ್ಷಣೆ ನಡೆಯುವ ವಿದ್ಯುದ್ವಾರ. ವಿದ್ಯುದ್ವಿಭಜನೆಯ ಕೋಶದಲ್ಲಿ ಅದು ಧನ, ಗ್ಯಾಲ್ವನಿಕ್ ಕೋಶದಲ್ಲಿ ಅದೇ ಋಣ. 'ಧನಾಗ್ರ' ಎಂದು ಕಲಿತ ವಿದ್ಯಾರ್ಥಿ ಮುಂದಿನ ಅಧ್ಯಾಯದಲ್ಲಿ 'ಧನಾಗ್ರವು ಋಣವಾಗಿರುತ್ತದೆ' ಎಂಬ ವಾಕ್ಯವನ್ನು ಎದುರಿಸಬೇಕಾಗುತ್ತದೆ. ಹುಟ್ಟಿಸಿದವನು ಬೇಕೆಂದೇ ತಟಸ್ಥವಾಗಿಟ್ಟ ಪದವನ್ನು ಅನುವಾದಕರು ಸಿದ್ಧಾಂತದಿಂದ ತುಂಬಿದರು. ಇಲ್ಲಿ 'ಆನೋಡು', 'ಕ್ಯಾಥೋಡು'ಗಳೇ ಲೇಸು.

7. ಕರ್ತೃವಿಲ್ಲದ ಪದಗಳು

ಕೊನೆಯದಾಗಿ, ಪದದ ಆಯ್ಕೆ ಹೊಣೆಗಾರಿಕೆಯನ್ನು ಹೇಗೆ ಮರೆಮಾಡುತ್ತದೆಂಬುದನ್ನು ಎರಡು ಪದಗಳಲ್ಲಿ ನೋಡಬಹುದು.

ಪತ್ರಿಕೆಗಳಲ್ಲಿ ನಿತ್ಯ ಕಾಣುವ 'ಇಂದು ವಿದ್ಯುತ್ ವ್ಯತ್ಯಯ' ಎಂಬ ಪ್ರಕಟಣೆಯಲ್ಲಿ 'ವ್ಯತ್ಯಯ' ಎಂದರೆ ಏರುಪೇರು, ಹಿಂದುಮುಂದು. ಪ್ರಕಟಣೆ ಹೇಳಬೇಕಾದ ಸಂಗತಿ ಆ ಹೊತ್ತಿನಲ್ಲಿ ವಿದ್ಯುತ್ತು ಇರುವುದಿಲ್ಲ ಎಂಬುದು. 'ಕಡಿತ' ಎಂದಿದ್ದರೆ ಕಡಿದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ, 'ಕರೆಂಟು ತೆಗೆಯುತ್ತಾರೆ' ಎಂದಿದ್ದರೆ ಕರ್ತೃ ಕ್ರಿಯಾಪ್ರತ್ಯಯದಲ್ಲಿಯೇ ಇರುತ್ತಾನೆ. 'ವ್ಯತ್ಯಯ' ಹವಾಮಾನದಂತೆ ತಾನಾಗಿ ಆಗುತ್ತದೆ.

ಎರಡನೆಯದು ಇನ್ನೂ ಗಂಭೀರ. 'ವಿದ್ಯುತ್ ಸ್ಪರ್ಶದಿಂದ ಸಾವು' ಎಂಬುದು ವರದಿಗಳ ಸಿದ್ಧ ಪದಪುಂಜ. ಇಲ್ಲಿ ಸಮಾಸದ ಪೂರ್ವಪದ ಕರ್ತೃವೇ ಕರ್ಮವೇ ಎಂಬುದು ಅಸ್ಪಷ್ಟ. 'ಪಾದಸ್ಪರ್ಶ'ದಲ್ಲಿ ಪಾದವೇ ಮುಟ್ಟಿದ್ದಾಗಬಹುದು, ಪಾದವನ್ನು ಮುಟ್ಟಿದ್ದೂ ಆಗಬಹುದು. ಹಾಗೆಯೇ ವಿದ್ಯುತ್ತು ಮನುಷ್ಯನನ್ನು ಮುಟ್ಟಿತೇ, ಮನುಷ್ಯ ವಿದ್ಯುತ್ತನ್ನು ಮುಟ್ಟಿದನೇ? ಹರಿದು ಬಿದ್ದ ತಂತಿ ಹೊಲದ ಕೆಸರಿನಲ್ಲಿದ್ದು, ಅದರ ಮೇಲೆ ಕಾಲಿಟ್ಟವರು ಸತ್ತಾಗ ಈ ಎರಡು ಓದುಗಳ ನಡುವಣ ವ್ಯತ್ಯಾಸ ವ್ಯಾಕರಣದ್ದಷ್ಟೇ ಅಲ್ಲ. ಒಂದರಲ್ಲಿ ತಂತಿಯ ನಿರ್ವಹಣೆಯ ಪ್ರಶ್ನೆ ಏಳುತ್ತದೆ, ಇನ್ನೊಂದರಲ್ಲಿ ಸತ್ತವರ ಅಜಾಗರೂಕತೆಯ ಸೂಚನೆ ಉಳಿಯುತ್ತದೆ. 'ಕರೆಂಟು ಹೊಡೆದು ಸತ್ತರು' ಎಂಬ ಆಡುಮಾತಿನಲ್ಲಿ ಈ ಸಂದಿಗ್ಧವಿಲ್ಲ. ಅಲ್ಲಿ ಕರ್ತೃ ಸ್ಪಷ್ಟ. 'ಸ್ಪರ್ಶ'ವೆಂಬ ಮೃದುವಾದ ಪದ ಹೊಡೆತವನ್ನು ತಾಕುವಿಕೆಯಾಗಿ ತಗ್ಗಿಸುತ್ತದೆ ಎಂಬುದು ಬೇರೆ ಮಾತು.

ಇದು ಸಂಸ್ಕೃತದ ದೋಷವಲ್ಲವೆಂದು ಒತ್ತಿಹೇಳಬೇಕು. 'ವಿದ್ಯುದಾಘಾತ' ಎಂಬುದೂ ಸಂಸ್ಕೃತವೇ, ಅದರಲ್ಲಿ ಹೊಡೆತ ಸ್ಪಷ್ಟವಾಗಿದೆ. 'ತಂತಿ ತಗುಲಿ ಸಾವು' ಎಂಬ ಅಚ್ಚಗನ್ನಡದ ಶೀರ್ಷಿಕೆಯಲ್ಲಿ ತಂತಿ ಕರ್ತೃವಾದರೂ ಅದು ಹೇಗೆ ಅಲ್ಲಿಗೆ ಬಂತೆಂಬುದು ಮರೆಯಲ್ಲಿಯೇ ಇದೆ. ದೋಷವಿರುವುದು ಕ್ರಿಯೆಯನ್ನು ನಾಮವಾಗಿ ಗಟ್ಟಿಗೊಳಿಸಿ ಕರ್ತೃವನ್ನು ಕೈಬಿಡುವ ಶೈಲಿಯಲ್ಲಿ.

8. ಉಪಸಂಹಾರ

ನಮ್ಮ ಪರಿಶೀಲನೆಯಿಂದ ಹೊರಡುವ ನಿಲುವು ಮೂರು ಪಕ್ಷಗಳಲ್ಲಿ ಯಾವುದಕ್ಕೂ ಪೂರ್ಣವಾಗಿ ಒಪ್ಪಿಗೆಯಾಗಲಾರದು. 'ವಿದ್ಯುತ್' ಉಳಿಯಬೇಕು, ಆದರೆ ಸಂಧಿಯ ಆರು ವೇಷಗಳನ್ನು ಕಳಚಿ, ಕನ್ನಡ ಪದಗಳೊಡನೆ ಕೂಡುವ ಪ್ರಕೃತಿಯಾಗಿ. 'ಮಿಂಚು' ಕೂಡುವ ಕಡೆ ಕೂಡಲಿ, ಕೂಡದ ಕಡೆ ಹಠ ಬೇಡ. 'ಕರೆಂಟು' ನಿಘಂಟಿನಲ್ಲಿ ತನ್ನ ಕನ್ನಡದ ಅರ್ಥಗಳೊಡನೆಯೂ ಕ್ರಿಯಾಪದಗಳೊಡನೆಯೂ ದಾಖಲಾಗಬೇಕು, ತರಗತಿಯಲ್ಲಿ ಹೋಲಿಕೆಗಾಗಿ ಮುಂದೆ ಬರಬೇಕು. 'ಹರಿವು', 'ವಿದ್ಯುದಂಶ', 'ಧನ', 'ಋಣ', 'ಆನೋಡು' ಎಂಬ ಐದು ಪದಗಳನ್ನು ನಾವು ಎತ್ತಿಹಿಡಿದಿದ್ದೇವೆ. ಅವು ಮೂರು ಬೇರೆ ಬೇರೆ ಮೂಲಗಳವು. ಪ್ರತಿಯೊಂದಕ್ಕೂ ಕೊಟ್ಟ ಕಾರಣ ಬೇರೆ, ಯಾವ ಕಾರಣವೂ ಅದರ ಮೂಲವಲ್ಲ.

ಇದರಿಂದ ನಿರುಕ್ತಿಶಾಸ್ತ್ರದ ಬೆಲೆ ಕಡಿಮೆಯಾಗುವುದಿಲ್ಲ. ಪದ ಎಲ್ಲಿಂದ ಬಂತೆಂದು ಅದು ಹೇಳುತ್ತದೆ, ಸುಳ್ಳು ನಿರುಕ್ತಿಗಳನ್ನು ತಡೆಯುತ್ತದೆ, ಒಂದು ಸಮುದಾಯ ಹೊಸ ವಿದ್ಯಮಾನವನ್ನು ಮೊದಲು ಹೇಗೆ ಕಂಡಿತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಪದ ಎಲ್ಲಿಗೆ ಹೋಗಬೇಕೆಂದು ಹೇಳುವುದು ಅದರ ಕೆಲಸವಲ್ಲ. ಪಠ್ಯಪುಸ್ತಕ ಸಮಿತಿಗಳೂ ಪದಕೋಶ ಸಂಪಾದಕರೂ ಮುಂದಿನ ಪಟ್ಟಿಯನ್ನು ಸಿದ್ಧಪಡಿಸುವಾಗ ಮೂಲದ ಅಂಕಣದ ಪಕ್ಕದಲ್ಲಿ ಇನ್ನೆರಡು ಅಂಕಣಗಳನ್ನು ಹಾಕಿಕೊಳ್ಳಲಿ: ಈ ಪದ ಯಾವ ಕ್ರಿಯಾಪದಗಳ ಜೊತೆ ಬರುತ್ತದೆ, ಕಲಿಯುವವನ ಮನೆಮಾತಿನಲ್ಲಿ ಇದಕ್ಕೆ ಆಗಲೇ ಯಾವ ಅರ್ಥವಿದೆ. ಆ ಎರಡು ಅಂಕಣಗಳನ್ನು ತುಂಬಲು ಗ್ರಂಥಾಲಯ ಸಾಲದು. ಕಂಬದ ಕೆಳಗೆ, ಪಂಪಿನ ಮನೆಯಲ್ಲಿ, ಹಿಂದಿನ ಬೆಂಚಿನಲ್ಲಿ ಜನ ಆಡುವ ಮಾತನ್ನು ಕೇಳಿಸಿಕೊಳ್ಳಬೇಕು. ಅದು ಭಾಷಾವಿಜ್ಞಾನದ ಕ್ಷೇತ್ರಕಾರ್ಯವೇ.